ಹಳೆಯ ವಿಡಿಯೋ ಗೇಮ್ ಯಂತ್ರದ ಮಾನಿಟರನ್ನು ಕೊಳ್ಳುವ ಮೊದಲು ಏನನ್ನು ಪರೀಕ್ಷಿಸಬೇಕು?

ಪ್ರಶ್ನೆ (ಶಹಾಪುರ, ಬೆಳಗಾವಿ)

ಎಲ್ಲರಿಗೂ ನಮಸ್ಕಾರ. ಮುಚ್ಚಿಹೋದ ವಿಡಿಯೋ ಗೇಮ್ ಪಾರ್ಲರೊಂದರ ಎರಡು ಯಂತ್ರಗಳು ಖಡೇಬಜಾರ್ ಸಮೀಪದ ಗೋದಾಮಿನಲ್ಲಿವೆ. ಒಂದರ ಮಾನಿಟರ್ ಮೇಲೆ ವೆಲ್ಸ್-ಗಾರ್ಡ್ನರ್ ಕೆ7000 ಎಂಬ ಚೀಟಿಯಿದೆ. ಇನ್ನೊಂದರಲ್ಲಿ ಟ್ಯೂಬಿನ ಮೇಲೆ ಎ51 ಎಂದು ಆರಂಭವಾಗುವ ಸಂಖ್ಯೆಯನ್ನು ಬಿಟ್ಟರೆ ಬೇರೆ ಗುರುತಿಲ್ಲ. ಎಲ್‌ಸಿಡಿ ಹಾಕದೆ ಇವನ್ನೇ ಕಂಪ್ಯೂಟರಿಗೆ ಜೋಡಿಸಿ ಹಳೆಯ ಆಟಗಳನ್ನು ಆಡಬೇಕೆಂಬುದು ನನ್ನ ಆಸೆ. ಕರೆಂಟ್ ಕೊಡುವ ಮೊದಲು ಏನನ್ನು ನೋಡಬೇಕು?

ಉತ್ತರ (ಬಾಗಲಕೋಟೆ)

ಟಿವಿ ದುರಸ್ತಿ ನನ್ನ ಕಸುಬು. ಮೊದಲು ಪಿಕ್ಚರ್ ಟ್ಯೂಬನ್ನೇ ನೋಡಿರಿ, ಏಕೆಂದರೆ ಬೋರ್ಡಿನ ಕಂಡೆನ್ಸರುಗಳೂ ಟ್ರಾನ್ಸಿಸ್ಟರುಗಳೂ ಇಂದಿಗೂ ಸಿಗುತ್ತವೆ, ಹೊಸ ಟ್ಯೂಬ್ ಸಿಗುವುದಿಲ್ಲ. ಕುತ್ತಿಗೆಯ ಬಳಿ ಕಾಣುವ ಲೋಹದ ಲೇಪ ಬೆಳ್ಳಿಯ ಬಣ್ಣದಲ್ಲಿದ್ದರೆ ಒಳಗಿನ ನಿರ್ವಾತ ಉಳಿದಿದೆ. ಅದು ಬಿಳಿಯಾಗಿದ್ದರೆ ಗಾಳಿ ಒಳಹೊಕ್ಕಿದೆ, ಅಂತಹ ಟ್ಯೂಬಿಗೆ ಹಣ ಕೊಡಬೇಡಿ. ಒಂದೇ ಆಟವನ್ನು ವರ್ಷಗಟ್ಟಲೆ ಓಡಿಸಿದ್ದರೆ ಅದರ ಗೆರೆಗಳು ಪರದೆಯಲ್ಲಿ ಸುಟ್ಟು ನಿಂತಿರುತ್ತವೆ. ಮಾನಿಟರ್ ಆರಿದ್ದಾಗ ಓರೆಯಾಗಿ ಬೆಳಕು ಬಿಟ್ಟರೆ ಅವು ಕಾಣುತ್ತವೆ, ಯಾವ ದುರಸ್ತಿಯಿಂದಲೂ ಹೋಗುವುದಿಲ್ಲ.

ಇಷ್ಟು ಸರಿಯಿದ್ದರೆ ಎಲ್‌ಓಟಿ (ಟ್ಯೂಬಿಗೆ ಹೆಚ್ಚಿನ ವೋಲ್ಟೇಜ್ ಕೊಡುವ ಲೈನ್ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್) ಮತ್ತು ಕನೆಕ್ಟರುಗಳ ಬುಡದಲ್ಲಿ ಬೆಸುಗೆ ಬಿರುಕು ಬಿಟ್ಟಿದೆಯೇ ಎಂದು ನೋಡಿರಿ. ಬೆಳಗಾವಿಯ ಮಳೆಗಾಲವನ್ನು ಗೋದಾಮಿನಲ್ಲಿ ಕಳೆದ ಬೋರ್ಡನ್ನು ಧೂಳು ತೆಗೆದು ಚೆನ್ನಾಗಿ ಒಣಗಿಸದೆ ಎಂದಿಗೂ ಆನ್ ಮಾಡಬಾರದು. ಟ್ಯೂಬಿನ ರಬ್ಬರ್ ಕ್ಯಾಪಿನ ಅಡಿಯಲ್ಲಿ 20,000 ವೋಲ್ಟಿಗೂ ಹೆಚ್ಚಿನ ಒತ್ತಡವಿರುತ್ತದೆ, ಆರಿಸಿದ ಮೇಲೂ ಉಳಿದಿರಬಹುದು. ಅದನ್ನು ಇಳಿಸುವ, ಅಂದರೆ ಡಿಸ್ಚಾರ್ಜ್ ಮಾಡುವ ಕೆಲಸವನ್ನು ಬಲ್ಲವರಿಂದಲೇ ಮಾಡಿಸಿರಿ.

ಉತ್ತರ (ಉದ್ಯಮಬಾಗ, ಬೆಳಗಾವಿ)

ಕೆ7000 ಅನ್ನು ನಮ್ಮ 230 ವೋಲ್ಟಿನ ಪ್ಲಗ್ಗಿಗೆ ನೇರವಾಗಿ ಹಚ್ಚಬೇಡಿ. ಅದು ಅಮೆರಿಕದ 120 ವೋಲ್ಟಿಗೆ ಮಾಡಿದ್ದು; ಅದಕ್ಕಿಂತ ಮುಖ್ಯವಾದ ಮಾತೆಂದರೆ, ಅದರ ಬೋರ್ಡಿನ ಗ್ರೌಂಡಿಗೂ ಮೇನ್ಸಿಗೂ ನಡುವೆ ಯಾವ ಪ್ರತ್ಯೇಕತೆಯೂ ಇಲ್ಲ. ಅಂಗಡಿಯ ಆಟೋ ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಮಾತ್ರ ಇಳಿಸುತ್ತದೆ, ಆದ್ದರಿಂದ ಅದನ್ನು ನಂಬಿ ಕಂಪ್ಯೂಟರ್ ಜೋಡಿಸಿದರೆ ಎರಡೂ ಸುಡುವ ಸಂಭವವಿದೆ, ಜೀವಕ್ಕೂ ಅಪಾಯ. 230 ವೋಲ್ಟನ್ನು 120ಕ್ಕೆ ಇಳಿಸುವ, ಪ್ರೈಮರಿ (ಒಳಬರುವ) ಮತ್ತು ಸೆಕೆಂಡರಿ (ಹೊರಹೋಗುವ) ಸುರುಳಿಗಳನ್ನು ಬೇರೆ ಬೇರೆಯಾಗಿ ಸುತ್ತಿದ, ಸುಮಾರು 200 ವಿಎ ಸಾಮರ್ಥ್ಯದ ಐಸೊಲೇಷನ್ ಟ್ರಾನ್ಸ್‌ಫಾರ್ಮರನ್ನು ಯಾವುದಾದರೂ ವೈಂಡಿಂಗ್ ಅಂಗಡಿಯಲ್ಲಿ ಮಾಡಿಸಿಕೊಳ್ಳಿರಿ.

ಉತ್ತರ (ವಿಜಯಪುರ)

ಎ51 ಎಂಬುದು ಟ್ಯೂಬಿನ ಗುರುತು; 51 ಎಂದರೆ ಪರದೆಯ ಕರ್ಣದ ಅಳತೆ, ಸೆಂಟಿಮೀಟರಿನಲ್ಲಿ. ಮಾನಿಟರಿನ ಸ್ಕ್ಯಾನ್ ವೇಗವನ್ನು (ಸೆಕೆಂಡಿಗೆ ಎಷ್ಟು ಅಡ್ಡಗೆರೆ ಬರೆಯುತ್ತದೆ ಎಂಬುದನ್ನು) ತಿಳಿಯಲು ಬೋರ್ಡಿನ ಮೇಲೆ ಅಚ್ಚಾದ ಸಂಖ್ಯೆ ಬೇಕು, ಅಥವಾ ಅದರಲ್ಲಿ ಯಾವ ಆಟವಿತ್ತು ಎಂಬುದು ಗೊತ್ತಾಗಬೇಕು. ಆಟದ ಬೋರ್ಡನ್ನು ಯಂತ್ರಕ್ಕೆ ಜೋಡಿಸುವ 1985ರ ಜಾಮಾ ಪದ್ಧತಿಯ, 56 ಪಿನ್ನಿನ ಕನೆಕ್ಟರ್ ಇದ್ದರೆ ಅದು ಬಹುತೇಕ 15 ಕಿಲೋಹರ್ಟ್ಸ್ ಮಾನಿಟರ್. ಕೆ7000 ಸಹ ಅದೇ. ಕಂಪ್ಯೂಟರಿನ ವಿಜಿಎ 31 ಕಿಲೋಹರ್ಟ್ಸ್ ಕಳಿಸುತ್ತದೆ, ಅದನ್ನು ಹಾಗೆಯೇ ಕೊಟ್ಟರೆ ಲೈನ್ ಔಟ್‌ಪುಟ್ ಟ್ರಾನ್ಸಿಸ್ಟರ್ ಹೋಗಬಹುದು. 15 ಕಿಲೋಹರ್ಟ್ಸ್ ಕೊಡಬಲ್ಲ ಹಳೆಯ ರೇಡಿಯಾನ್ ಗ್ರಾಫಿಕ್ಸ್ ಕಾರ್ಡಿಗೆ ಸಿಆರ್‌ಟಿ ಎಮುಡ್ರೈವರ್ ಎಂಬ ಡ್ರೈವರ್ ತಂತ್ರಾಂಶ ಹಾಕಿ, ಹಳೆಯ ಆಟಗಳನ್ನು ಓಡಿಸುವ ಗ್ರೂವಿಮೇಮ್ ತಂತ್ರಾಂಶವನ್ನು ನಡೆಸುವುದು ಒಳ್ಳೆಯ ದಾರಿ. ಕಾರ್ಡಿನ 0.7 ವೋಲ್ಟ್ ಸಿಗ್ನಲ್ಲಿಗೆ ಚಿತ್ರ ಮಸುಕಾಗುವುದರಿಂದ ನಡುವೆ ಸಿಗ್ನಲ್ ಹೆಚ್ಚಿಸುವ ಆಂಪ್ಲಿಫೈಯರ್ ಇರುವ, ಜೆ-ಪ್ಯಾಕ್‌ನಂತಹ ಬೋರ್ಡ್ ಇರಲಿ.

ಪ್ರಶ್ನೆ ಕೇಳಿದವರು

ಕೆ7000ರ ಪರದೆಯಲ್ಲಿ ಸುಟ್ಟ ಗೆರೆಗಳು ಸ್ಪಷ್ಟವಾಗಿವೆ. ಎ51 ಟ್ಯೂಬ್ ಸ್ವಚ್ಛವಾಗಿದೆ. ಅದನ್ನು ಕೆ7000ರ ಬೋರ್ಡಿಗೆ ಹಾಕಬಹುದೇ?

ಉತ್ತರ (ಬಾಗಲಕೋಟೆ)

ಕುತ್ತಿಗೆಯ ಪಿನ್ನುಗಳ ಜೋಡಣೆ ಮತ್ತು ಹೀಟರ್ ವೋಲ್ಟೇಜ್ ಹೊಂದಬೇಕು, ಎರಡೂ ಟ್ಯೂಬುಗಳ ಯೋಕುಗಳ (ಕುತ್ತಿಗೆಯ ಸುತ್ತ ಕಿರಣವನ್ನು ತಿರುಗಿಸುವ ಸುರುಳಿಗಳ) ಹಾರಿಜಾಂಟಲ್ ಮತ್ತು ವರ್ಟಿಕಲ್ ಸುರುಳಿಗಳ ವಿದ್ಯುತ್ ಅಳತೆಗಳು ಪರಸ್ಪರ ಹತ್ತಿರವಿರಬೇಕು. ಎಲ್ಲಕ್ಕಿಂತ ಮೊದಲು ಎ51ರ ಸ್ವಂತ ಬೋರ್ಡನ್ನೇ ಸೀರೀಸ್ ಬಲ್ಬಿನ (ಹೆಚ್ಚಿನ ಕರೆಂಟನ್ನು ತಡೆಯಲು ಸಾಲಾಗಿ ಜೋಡಿಸಿದ ಬಲ್ಬಿನ) ಮೂಲಕ ಆನ್ ಮಾಡಿ ನೋಡೋಣ. ಅದರ ಬೋರ್ಡಿನ ಎರಡೂ ಬದಿಯ ಫೋಟೋ ಹಾಕಿರಿ.