ಸೆಕೆಂಡ್ ಹ್ಯಾಂಡ್ ಗಿಡ್ಡ ರಿವಾಲ್ವರ್: ತಗೊಳ್ಳುವಾಗ ಏನು ನೋಡಬೇಕು?

ಕೇಳಿದವರು: ಲೈಸೆನ್ಸ್ ಆಗಿದೆ. ಎರಡು ಇಂಚಿನ ಬ್ಯಾರಲ್ ಇರುವ ಗಿಡ್ಡ ರಿವಾಲ್ವರ್ ಒಂದನ್ನು ಸೆಕೆಂಡ್ ಹ್ಯಾಂಡ್ ತಗೊಳ್ಳೋಣ ಅಂತಿದ್ದೇನೆ. ಪಾಯಿಂಟ್ 38 ಸ್ಪೆಷಲ್ ತೋಟಾ ಹಾಕುವಂಥದ್ದು ಸಾಕು. ಸ್ಮಿತ್ ಅಂಡ್ ವೆಸನ್, ಕೋಲ್ಟ್, ರೂಗರ್ ಮೂರೂ ನೋಡಲು ಸಿಕ್ಕಿವೆ. ಯಾವುದು ವಾಸಿ? ಕೈಗೆ ಕೊಟ್ಟಾಗ ಏನೇನು ಪರೀಕ್ಷೆ ಮಾಡಬೇಕು? ಬಳಸಿದವರು ದಯವಿಟ್ಟು ಹೇಳಿ.

ಉತ್ತರ: ಕಂಪನಿ ಆಮೇಲೆ, ಮೊದಲು ತೂಕ ನಿರ್ಧರಿಸಿ. ಸ್ಮಿತ್‌ನ ಮಾಡೆಲ್ 642 ಅಲ್ಯೂಮಿನಿಯಂ ಫ್ರೇಮಿನದು, ಸುಮಾರು 425 ಗ್ರಾಂ. ಅದೇ ಅಳತೆಯ ಸ್ಟೀಲಿನ ಮಾಡೆಲ್ 36 ಸುಮಾರು 550 ಗ್ರಾಂ. ರೂಗರ್ ಎಸ್‌ಪಿ101 ಆದರೆ 700 ದಾಟುತ್ತದೆ. ಜೇಬಿನಲ್ಲಿಟ್ಟಾಗ ಹಗುರವಾದದ್ದೇ ಹಿತ. ಹೊಡೆಯುವಾಗ ಲೆಕ್ಕ ಉಲ್ಟಾ ಆಗುತ್ತದೆ, ಪೆಟ್ಟೆಲ್ಲ ಅಂಗೈಗೆ. ಹೊಚ್ಚ ಹೊಸದರಂತೆ ಕಾಣುವ ಹಗುರ ರಿವಾಲ್ವರ್‌ಗಳು ಇಷ್ಟೊಂದು ಮಾರಾಟಕ್ಕೆ ಬರುವುದು ಯಾಕೆ ಅಂದ್ಕೊಂಡ್ರಿ? ಒಂದು ಬಾಕ್ಸ್ ಹೊಡೆದು ಕೈ ನೋಯಿಸಿಕೊಂಡವರು ಮಾರುತ್ತಾರೆ. ನೀವು ಅಭ್ಯಾಸ ಮಾಡುವವರಾದರೆ ಸ್ಟೀಲ್ ಫ್ರೇಮೇ ತಗೊಳ್ಳಿ.

ಇನ್ನೊಂದು ವಿಷಯ. ಗಿಡ್ಡ ರಿವಾಲ್ವರ್ ಸಾಮಾನ್ಯವಾಗಿ ಹೊತ್ತು ತಿರುಗಿದ್ದು ಜಾಸ್ತಿ, ಹೊಡೆದದ್ದು ಕಮ್ಮಿ. ಬ್ಯಾರಲ್ ತುದಿಯಲ್ಲಿ ನೀಲಿ ಬಣ್ಣ ಸವೆದಿದ್ದರೆ ಅದು ಚರ್ಮದ ಚೀಲಕ್ಕೆ ಉಜ್ಜಿದ ಗುರುತು, ಅಷ್ಟೇ. ನನ್ನ ಹತ್ತಿರ ಇರುವ ಮಾಡೆಲ್ 36 ನೋಡಲು ಪೂರಾ ಹಳೇ ಸಾಮಾನು, ಒಳಗೆ ಮಾತ್ರ ಬಿಗಿ. ಫಳಫಳ ಹೊಳೆಯುವುದರ ಮೇಲೇ ನನಗೆ ಅನುಮಾನ. ಅಕ್ಷರಗಳ ಅಂಚು ಮಸುಕಾಗಿದ್ದರೆ ಯಾರೋ ಉಜ್ಜಿ ಹೊಸದಾಗಿ ಬಣ್ಣ ಹಾಕಿಸಿದ್ದಾರೆ ಅಂತ ತಿಳಿಯಿರಿ.

ಉತ್ತರ: ಮೇಲಿನವರ ಮಾತು ಸರಿ. ಪರೀಕ್ಷೆ ಮಾಡುವ ಕ್ರಮ ನಾನು ಹೇಳುತ್ತೇನೆ.

ಮೊದಲು ಸಿಲಿಂಡರ್ (ತೋಟಾ ತುಂಬುವ, ತಿರುಗುವ ಭಾಗ) ತೆರೆದು, ಖಾಲಿ ಇದೆಯಾ ಅಂತ ಕಣ್ಣಲ್ಲಿ ನೋಡಿ, ಬೆರಳಲ್ಲೂ ಮುಟ್ಟಿ ನೋಡಿ. ಅಂಗಡಿಯವರು ನೋಡಿ ಕೊಟ್ಟಿದ್ದರೂ ಅಷ್ಟೇ. ಖಾಲಿ ಹೊಡೆತ, ಅಂದರೆ ತೋಟಾ ಇಲ್ಲದೆ ಟ್ರಿಗರ್ ಎಳೆದು ನೋಡಬಹುದಾ ಅಂತ ಕೇಳಿ. ಕೆಲವರಿಗೆ ಅದು ಇಷ್ಟ ಆಗುವುದಿಲ್ಲ.

ಆಮೇಲೆ ಟೈಮಿಂಗ್, ಅಂದರೆ ಸಿಲಿಂಡರ್ ಸರಿಯಾದ ಹೊತ್ತಿಗೆ ತಿರುಗಿ ನಿಲ್ಲುತ್ತದಾ ಅಂತ. ಸಿಲಿಂಡರ್ ಮೇಲೆ ಬೆರಳನ್ನು ಹಗುರವಾಗಿ ಒತ್ತಿ, ತುಸು ತಡೆ ಕೊಡುತ್ತಾ ಹ್ಯಾಮರನ್ನು ನಿಧಾನವಾಗಿ ಎಳೆಯಿರಿ. ಹ್ಯಾಮರ್ ಪೂರ್ತಿ ಹಿಂದೆ ಬಂದು ನಿಲ್ಲುವಷ್ಟರಲ್ಲಿ ಸಿಲಿಂಡರ್ ಟಕ್ ಅಂತ ಬೀಗ ಬಿದ್ದಿರಬೇಕು. ತೋಟಾ ಕೂರುವ ಎಲ್ಲ ಕೋಣೆಗೂ ಹೀಗೇ ಮಾಡಿ, ಸುಮ್ನೆ ಒಂದಕ್ಕೆ ನಿಲ್ಲಿಸಬೇಡಿ. ಒಂದು ಕೋಣೆಗೆ ಮಾತ್ರ ಬೀಗ ತಡವಾಗಿ ಬೀಳುವ ರಿವಾಲ್ವರ್‌ಗಳಿರುತ್ತವೆ. 642ರಂಥ, ಹ್ಯಾಮರ್ ಒಳಗೇ ಮುಚ್ಚಿಕೊಂಡಿರುವ ಮಾಡೆಲ್ ಆದರೆ ಟ್ರಿಗರನ್ನೇ ನಿಧಾನವಾಗಿ ಎಳೆದು ನೋಡಬೇಕು.

ಹ್ಯಾಮರ್ ಎಳೆದಿಟ್ಟು, ಟ್ರಿಗರ್ ಮುಟ್ಟದೆ, ಹಿಂದಿನಿಂದ ಹೆಬ್ಬೆರಳಲ್ಲಿ ತಳ್ಳಿ. ಜಾರಿ ಬಿದ್ದರೆ ಅಲ್ಲೇ ವಾಪಸ್ ಕೊಟ್ಟು ಬನ್ನಿ. ಟ್ರಿಗರ್ ಹಗುರ ಮಾಡಲು ಯಾರೋ ಒಳಗೆ ಅರ ಹಾಕಿದ್ದಾರೆ. ಪಕ್ಕದ ತಟ್ಟೆಯ ಸ್ಕ್ರೂಗಳ ತಲೆ ಕಿತ್ತುಹೋಗಿದ್ದರೂ ಇದೇ ಅನುಮಾನ. ಸ್ಪ್ರಿಂಗ್ ಕತ್ತರಿಸಿದ್ದರೆ ಟ್ರಿಗರ್ ಬೆಣ್ಣೆಯಂತಿರುತ್ತದೆ, ತೋಟಾ ಮಾತ್ರ ಒಮ್ಮೊಮ್ಮೆ ಹಾರುವುದಿಲ್ಲ.

ಬ್ಯಾರಲ್ಲಿಗೂ ಸಿಲಿಂಡರ್‌ಗೂ ನಡುವಿನ ಸಂದು 0.15 ಮಿಲಿಮೀಟರ್ ಆಸುಪಾಸು ಇದ್ದರೆ ಚೆನ್ನ, 0.25 ದಾಟಿದರೆ ಬೇಡ. ಅಳೆಯುವ ತೆಳು ಪಟ್ಟಿ ಜೊತೆಗೇ ಒಯ್ಯಿರಿ. ಸಿಲಿಂಡರನ್ನು ಹಿಂದಕ್ಕೂ ಮುಂದಕ್ಕೂ ತಳ್ಳಿ ಎರಡು ಸಲ ಅಳೆಯಿರಿ. ಎರಡು ಅಳತೆಗಳ ನಡುವೆ ವ್ಯತ್ಯಾಸ ಜಾಸ್ತಿ ಇದ್ದರೆ ಸವೆತ ಇದೆ. ಅಲ್ಯೂಮಿನಿಯಂ ಫ್ರೇಮ್ ಆದರೆ ಬ್ಯಾರಲ್ ಕೂರುವ ಜಾಗದ ಕೆಳಭಾಗದಲ್ಲಿ ಕೂದಲೆಳೆಯಂಥ ಬಿರುಕು ಇದೆಯಾ ಅಂತ ಟಾರ್ಚ್ ಹಾಕಿ ನೋಡಿ. ಸಾಧ್ಯವಾದರೆ ಹಿಡಿ ಬಿಚ್ಚಿಸಿ. ಬೆವರಿಗೆ ಹಿಡಿದ ತುಕ್ಕು ಅದರ ಕೆಳಗೇ ಅಡಗಿರುತ್ತದೆ.

ಉತ್ತರ: ಕೋಲ್ಟ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಡಿಟೆಕ್ಟಿವ್ ಸ್ಪೆಷಲ್ 1927ರಿಂದ ಬಂದದ್ದು. ಸ್ಮಿತ್‌ನ ಪುಟ್ಟ ಫ್ರೇಮಿನಲ್ಲಿ ಐದು ತೋಟಾ, ಇದರಲ್ಲಿ ಆರು. ಹಳೇ ಕೋಲ್ಟ್‌ನ ಟ್ರಿಗರ್ ಒತ್ತಿ ಹಿಡಿದಾಗ ಸಿಲಿಂಡರ್ ಒಂದಿಷ್ಟೂ ಅಲ್ಲಾಡಬಾರದು. ಸ್ಮಿತ್‌ನಲ್ಲಿ ತುಸು ಅಲ್ಲಾಟ ಸಹಜ, ಅದನ್ನು ದೋಷ ಅಂತ ಎಣಿಸಬೇಡಿ. ಕೋಲ್ಟ್‌ನ ಕಷ್ಟ ಬೇರೆ. ಟೈಮಿಂಗ್ ತಪ್ಪಿದರೆ ಆ ಹಳೇ ಯಂತ್ರವನ್ನು ಸರಿಮಾಡಬಲ್ಲವರು ಬಹಳ ಕಮ್ಮಿ. ಪ್ರೀತಿಗೆ ತಗೊಳ್ಳಿ, ದಿನಾ ಹೊಡೆಯಲು ಬೇಡ. ಎಲ್ಲಕ್ಕಿಂತ ಮೊದಲು ಸೀರಿಯಲ್ ನಂಬರ್ ಕಾಗದದ ಜೊತೆ ತಾಳೆ ನೋಡಿ. ಹೊಂದದಿದ್ದರೆ ಬೆಲೆ ಕೇಳುವುದೂ ಬೇಡ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಒಂದು ಕಡೆ ಎರಡನೇ ಮಹಾಯುದ್ಧ ಕಾಲದ ಸ್ಮಿತ್ 'ವಿಕ್ಟರಿ' ಇದೆ, ಬ್ಯಾರಲ್ ಕತ್ತರಿಸಿ ಗಿಡ್ಡ ಮಾಡಿದ್ದು. ಬಹಳ ಅಗ್ಗ. ಪಾಯಿಂಟ್ 38 ಸ್ಪೆಷಲ್ ಹಾಕಬಹುದು ಅಂತಾರೆ. ತಗೊಳ್ಳಲಾ?

ಉತ್ತರ: ಬೇಡ ಸರ್. ಆಗ ಬ್ರಿಟಿಷ್ ಸೇನೆಗೆ ಹೋದ ವಿಕ್ಟರಿಗಳು ಪಾಯಿಂಟ್ 38 ಎಸ್ ಅಂಡ್ ಡಬ್ಲ್ಯು ಅಳತೆಯವು. ಆ ತೋಟಾ ಸ್ಪೆಷಲ್‌ಗಿಂತ ಗಿಡ್ಡ, ಆದರೆ ದಪ್ಪ. ಯುದ್ಧ ಮುಗಿದ ಮೇಲೆ ಎಷ್ಟೋ ರಿವಾಲ್ವರ್‌ಗಳ ಕೋಣೆಗಳನ್ನು ಮುಂದಕ್ಕೆ ಕೊರೆದು ಸ್ಪೆಷಲ್ ಹಿಡಿಸುವಂತೆ ಮಾಡಿ ಮಾರಿದರು. ಉದ್ದವೇನೋ ಸರಿಹೋಯಿತು, ಹಿಂಭಾಗದ ಅಗಲ ಹಾಗೇ ಉಳಿಯಿತು. ಹೊಡೆದಾಗ ತೋಟಾದ ಕೇಸು (ಹೊರಗಿನ ಲೋಹದ ಕವಚ) ಹೊಟ್ಟೆ ಉಬ್ಬುತ್ತದೆ, ಕೆಲವು ಸಲ ಸೀಳುತ್ತದೆ. ಅನುಮಾನ ಇದ್ದರೆ ಒಂದು ಖಾಲಿ ಸ್ಪೆಷಲ್ ಕೇಸನ್ನು ಕೋಣೆಗೆ ಹಾಕಿ ಅಲ್ಲಾಡಿಸಿ ನೋಡಿ, ಹಿಂಭಾಗದಲ್ಲಿ ಸಡಿಲ ಇರುವುದು ಗೊತ್ತಾಗುತ್ತದೆ. ಬ್ಯಾರಲ್ ಕತ್ತರಿಸುವಾಗ, ಖಾಲಿ ಕೇಸುಗಳನ್ನು ಹೊರತಳ್ಳುವ ಎಜೆಕ್ಟರ್ ಕಡ್ಡಿಯ ತುದಿಯನ್ನು ಹಿಡಿದಿಡುತ್ತಿದ್ದ ಗುಬ್ಬಿಯೂ ಹೋಗಿರುತ್ತದೆ. ಮುಂದಿನ ಗುರಿಕಡ್ಡಿಯನ್ನು ಆಮೇಲೆ ಬೆಸೆದಿರುತ್ತಾರೆ. ಅದೇ ದುಡ್ಡಿಗೆ ಇನ್ನಷ್ಟು ಸೇರಿಸಿ ಬಣ್ಣ ಹೋದ ಮಾಡೆಲ್ 36 ಹುಡುಕಿ.