ಮೊದಲ ಸಲ ಮೇಕಪ್ ಬ್ರಷ್ ತಗೋತಿದ್ದೀನಿ, 24 ಬ್ರಷ್ ಇರೋ ಸೆಟ್ ಬೇಕಾ?

ದಾವಣಗೆರೆ_ತಂಗಿ:
ಎಲ್ಲರಿಗೂ ನಮಸ್ಕಾರ. ಇಲ್ಲಿವರೆಗೆ ಕಾಡಿಗೆ, ಕಾಂಪ್ಯಾಕ್ಟ್, ಲಿಪ್‌ಸ್ಟಿಕ್ ಬಿಟ್ಟರೆ ಬೇರೇನೂ ಹಚ್ಚಿದವಳಲ್ಲ ನಾನು. ಜನವರಿಯಲ್ಲಿ ಅಕ್ಕನ ಮದುವೆ ಇದೆ, ಪಾರ್ಲರ್‌ನವರು ಅಕ್ಕನಿಗೆ ಮಾತ್ರ ಬರ್ತಾರೆ, ನನ್ನದು ನಾನೇ ಮಾಡ್ಕೋಬೇಕು. ಫೌಂಡೇಶನ್, ಪೌಡರ್ ಬ್ಲಶ್, ಒಂದು ಸಣ್ಣ ಐಶ್ಯಾಡೋ ಪ್ಯಾಲೆಟ್ ತಗೊಂಡಿದ್ದೀನಿ. ಬೆರಳಲ್ಲೇ ಹಚ್ಚಿ ನೋಡಿದೆ. ಫೌಂಡೇಶನ್ ಹೇಗೋ ಆಯ್ತು, ಬ್ಲಶ್ ಮಾತ್ರ ಕೆನ್ನೆ ಮೇಲೆ ರೂಪಾಯಿ ಅಗಲ ಕೆಂಪಗೆ ಕೂತುಬಿಡ್ತು, ಎಷ್ಟು ಉಜ್ಜಿದರೂ ಹರಡಲಿಲ್ಲ. ಆನ್‌ಲೈನ್‌ನಲ್ಲಿ 24 ಬ್ರಷ್‌ನ ಸೆಟ್ 500 ರೂಪಾಯಿ ಒಳಗೇ ಸಿಗ್ತಿದೆ. ಅದು ತಗೊಳ್ಳಲಾ? ನನ್ನ ಬಜೆಟ್ ಸಾವಿರ ರೂಪಾಯಿ. ಯಾವ ಬ್ರಷ್ ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳಿ ಪ್ಲೀಸ್.

ಬಣ್ಣದಪೆಟ್ಟಿಗೆ:
ಆ ಸೆಟ್ ಬೇಡ ತಂಗಿ. ನಾನೂ ಕಲಿಯೋವಾಗ ಅಂಥದ್ದೇ ಒಂದು ತಗೊಂಡಿದ್ದೆ. ಅದರಲ್ಲಿ ಕೈಗೆ ಬರ್ತಿದ್ದದ್ದು ನಾಲ್ಕೇ, ಉಳಿದದ್ದೆಲ್ಲ ಪೌಚ್‌ನಲ್ಲೇ ಧೂಳು ಹಿಡೀತು. ಆ ನಾಲ್ಕೂ ಕೂದಲು ಉದುರಿಸ್ತಿದ್ದವು. ಹಸಿ ಫೌಂಡೇಶನ್ ಮೇಲೆ ಅಂಟಿದ ಒಂದು ಕೂದಲು ತೆಗೆಯೋಕೆ ಹೋದರೆ ಅಲ್ಲಿ ಗೆರೆ ಬೀಳತ್ತೆ, ಮತ್ತೆ ಹಚ್ಚಬೇಕು, ಮತ್ತೆ ಇನ್ನೊಂದು ಕೂದಲು.

ನಿನ್ನ ಹತ್ತಿರ ಇರೋ ಸಾಮಾನು ನೋಡಿ ಲೆಕ್ಕ ಹಾಕು. ಮೂರು ಬ್ರಷ್ ಸಾಕು. ಮೊದಲು ಬ್ಲಶ್ ಬ್ರಷ್, ನಿನಗೆ ತೊಂದರೆ ಆಗಿರೋದೇ ಅಲ್ಲಿ. ಬೆರಳು ಪೌಡರನ್ನ ಒಂದೇ ಕಡೆ ಒತ್ತಿಬಿಡತ್ತೆ, ಬೆರಳಿನ ಎಣ್ಣೆ ಜಿಡ್ಡು ಸೇರಿ ಅದು ಅಲ್ಲೇ ಹಿಡ್ಕೊಳ್ಳತ್ತೆ. ಕೂದಲು ವಿರಳವಾಗಿ, ಉಬ್ಬಿಕೊಂಡಿರೋ ಬ್ರಷ್ ಆದರೆ ಸ್ವಲ್ಪ ಸ್ವಲ್ಪವೇ ಬಿಡತ್ತೆ. ಬ್ಲಶ್ ಮೇಲೆ ಸುಮ್ನೆ ತಾಗಿಸು, ಹಿಡಿಯನ್ನ ಡಬ್ಬಿ ಅಂಚಿಗೆ ಒಮ್ಮೆ ತಟ್ಟಿ ಜಾಸ್ತಿ ಇರೋದನ್ನ ಉದುರಿಸು, ಆಮೇಲೆ ಕೆನ್ನೆ ಎಲುಬಿನ ಮೇಲಿಂದ ಕಿವಿ ಕಡೆಗೆ ಸವರು. ಸಾಲದಿದ್ದರೆ ಇನ್ನೊಂದು ಸಲ.

ಕಣ್ಣಿಗೆ ಎರಡು. ಚಪ್ಪಟೆಯಾಗಿರೋ ಸಣ್ಣದು ರೆಪ್ಪೆ ಮೇಲೆ ಬಣ್ಣ ಕೂರಿಸೋಕೆ, ಮೊಗ್ಗಿನ ಆಕಾರದ ಬ್ಲೆಂಡಿಂಗ್ ಬ್ರಷ್ ಆ ಬಣ್ಣದ ಅಂಚು ಕರಗಿಸೋಕೆ. ಒಂದೇ ತಗೊಳ್ಳೋದಾದರೆ ಬ್ಲೆಂಡಿಂಗ್ ತಗೋ, ಬಣ್ಣವನ್ನ ಬೆರಳಲ್ಲೂ ಕೂರಿಸಬಹುದು, ಆದರೆ ಅಂಚು ಬೆರಳಿಂದ ಕರಗಲ್ಲ. ಹಿಡಿಯನ್ನ ತುದಿಯಲ್ಲಿ ಹಿಡಿ, ಆಗ ಕೈ ಭಾರ ಬೀಳಲ್ಲ.

ಫೌಂಡೇಶನ್‌ಗೆ ಬ್ರಷ್ ಬದಲು ಸ್ಪಂಜ್ ಸಾಕು. ನೀರಲ್ಲಿ ಪೂರ್ತಿ ನೆನೆಸಿ, ಚೆನ್ನಾಗಿ ಹಿಂಡಿ, ಮುಖದ ಮೇಲೆ ತಟ್ಟು, ಎಳೀಬೇಡ. ಒಣ ಸ್ಪಂಜ್ ಆದರೆ ಅರ್ಧ ಫೌಂಡೇಶನ್ ಅದೇ ಕುಡೀತದೆ. ಬ್ರಷ್ಷೇ ಬೇಕು ಅಂದ್ರೆ ದಟ್ಟವಾಗಿ, ತುದಿ ಸಮವಾಗಿರೋ ಬಫಿಂಗ್ ಬ್ರಷ್ ತಗೋ. ಗೋಡೆಗೆ ಬಣ್ಣ ಹೊಡೆಯೋ ಬ್ರಷ್ ತರ ಚಪ್ಪಟೆ ಇರೋದು ಹೊಸಬರಿಗೆ ಗೆರೆ ಬಿಡತ್ತೆ. ಹುಬ್ಬಿಗೆ ದುಡ್ಡು ಹಾಕಬೇಡ, ಹಳೇ ಮಸ್ಕಾರಾದ ಬ್ರಷ್ ಸೋಪಲ್ಲಿ ತೊಳೆದಿಟ್ಟುಕೋ.

ಹಸಿರುಬಳೆ:
ಅಕ್ಕ ಹೇಳಿದ್ದು ಸರಿ. ಒಂದು ಸೇರಿಸ್ತೀನಿ, ಆದಷ್ಟು ಅಂಗಡಿಗೇ ಹೋಗಿ ಮುಟ್ಟಿ ನೋಡಿ ತಗೊಳ್ಳಿ. ಮುಂಗೈ ಹಿಂಭಾಗಕ್ಕೆ ಬ್ರಷ್ ಒತ್ತಿ, ದುಂಡಗೆ ತಿರುಗಿಸಿ. ಚುಚ್ಚಿದರೆ ಬೇಡ. ಅಗ್ಗದ ಬ್ರಷ್‌ಗಳಲ್ಲಿ ಆಕಾರ ಬರಲಿ ಅಂತ ಕೂದಲ ತುದಿಯನ್ನ ಕತ್ತರಿಸಿರ್ತಾರೆ, ಚುಚ್ಚೋದು ಆ ಕತ್ತರಿಸಿದ ತುದಿ. ಜಪಾನಿನ ಹಿರೋಷಿಮಾ ಪ್ರಾಂತದ ಕುಮಾನೊದಲ್ಲಿ ಬರವಣಿಗೆಯ ಕುಂಚ ಮಾಡ್ತಿದ್ದ ಜನರೇ ಮೇಕಪ್ ಬ್ರಷ್ ಮಾಡೋಕೂ ಇಳಿದವರು. ಅವರು ತುದಿ ಕತ್ತರಿಸದೆ ಕೂದಲನ್ನ ಕೈಯಲ್ಲೇ ಜೋಡಿಸಿ ಆಕಾರ ಕೊಡ್ತಾರೆ. ಅದು ದುಬಾರಿ, ನಮಗೀಗ ಬೇಡ, ಆದರೆ ಮೃದು ಎಲ್ಲಿಂದ ಬರತ್ತೆ ಅಂತ ಅದರಿಂದ ಗೊತ್ತಾಗತ್ತೆ ಅಲ್ವಾ. ಇನ್ನೊಂದು, ಮೇಕೆ, ಅಳಿಲಿನ ಕೂದಲ ಬ್ರಷ್‌ಗಳೂ ಇವೆ. ಬೇಡ ಅನ್ನೋರು ಸಿಂಥೆಟಿಕ್ ಅಂತ ಬರೆದಿದೆಯಾ ನೋಡಿ. ಫೌಂಡೇಶನ್‌ಗಂತೂ ಸಿಂಥೆಟಿಕ್ಕೇ ಒಳ್ಳೇದು, ದ್ರವ ಹೀರಲ್ಲ, ಬೇಗ ತೊಳೆಯಬಹುದು.

ಕಡಲತಡಿ:
ತೊಳೆಯೋದು ಯಾರೂ ಹೇಳಲಿಲ್ಲ! ನಾನು ಮಂಗಳೂರು. ಒಮ್ಮೆ ಮಳೆಗಾಲದಲ್ಲಿ ಬ್ರಷ್ ತೊಳೆದು ಲೋಟದಲ್ಲಿ ತಲೆ ಮೇಲೆ ಮಾಡಿ ನಿಲ್ಲಿಸಿದ್ದೆ. ನೀರು ಕೆಳಗಿಳಿದು ಕೂದಲು ಹಿಡಿದಿಡೋ ತಗಡಿನೊಳಗೆ ಹೋಗಿದೆ, ಅಂಟು ಸಡಿಲವಾಗಿದೆ. ಎರಡು ವಾರದಲ್ಲಿ ಹಿಡಿ ಒಂದು ಕೈಗೆ, ತಲೆ ಇನ್ನೊಂದು ಕೈಗೆ. ನನಗೆ ತುಂಬಾ ಇಷ್ಟದ ಬ್ರಷ್ ಅದು. ಈಗ ಉಗುರುಬೆಚ್ಚಗಿನ ನೀರು, ಒಂದು ಹನಿ ಬೇಬಿ ಶಾಂಪೂ, ಅಂಗೈಯಲ್ಲಿ ತಿರುಗಿಸಿ ತೊಳೀತೀನಿ, ತಲೆ ಕೆಳಗೇ ಇರಬೇಕು. ಬಟ್ಟೆಯಲ್ಲಿ ಒತ್ತಿ, ಬೆರಳಲ್ಲಿ ಆಕಾರಕ್ಕೆ ತಂದು, ಕೂದಲು ಮೇಜಿನ ಅಂಚಿಂದ ಹೊರಗೆ ಬರೋ ಹಾಗೆ ಮಲಗಿಸಿ ಫ್ಯಾನ್ ಕೆಳಗೆ ಬಿಡ್ತೀನಿ. ಫೌಂಡೇಶನ್ ಬ್ರಷ್ ಮತ್ತೆ ಸ್ಪಂಜ್ ವಾರಕ್ಕೊಮ್ಮೆಯಾದರೂ ತೊಳೀಲೇಬೇಕು, ಮೊಡವೆ ಇರೋರಂತೂ ಬಿಡಲೇಬಾರದು. ಹಸಿ ಸ್ಪಂಜನ್ನ ಡಬ್ಬಿಯಲ್ಲಿ ಮುಚ್ಚಿಡಬೇಡಿ, ಬೂಷ್ಟು ಬರತ್ತೆ.

ದಾವಣಗೆರೆ_ತಂಗಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಸಂಜೆ ಅಂಗಡಿಗೆ ಹೋಗಿ ಐದಾರು ಬ್ರಷ್ ಕೈಗೆ ಒತ್ತಿ ನೋಡಿದೆ, ವ್ಯತ್ಯಾಸ ತಕ್ಷಣ ಗೊತ್ತಾಗತ್ತೆ! ಬ್ಲಶ್ ಬ್ರಷ್, ಬ್ಲೆಂಡಿಂಗ್ ಬ್ರಷ್, ಸ್ಪಂಜ್ ಸೇರಿ 840 ರೂಪಾಯಿ ಆಯ್ತು. ಚಪ್ಪಟೆದು ಮುಂದಿನ ತಿಂಗಳು. ಹೊಸದನ್ನೂ ತೊಳೆದೇ ಬಳಸಬೇಕಾ?

ಬಣ್ಣದಪೆಟ್ಟಿಗೆ:
ಹೌದು, ತೊಳೆದೇ ಬಳಸು. ಮೊದಲ ಸಲ ನಾಲ್ಕಾರು ಕೂದಲು ಬಂದರೆ ಹೆದರಬೇಡ. ಮೂರನೇ ಸಲ ತೊಳೆದಾಗಲೂ ಬರ್ತಿದ್ದರೆ ವಾಪಸ್ ತಗೋತಾರಾ ಅಂತ ಅಂಗಡಿಯಲ್ಲಿ ಕೇಳು, ಬಿಲ್ ಇಟ್ಟುಕೊಂಡಿರು. ಮದುವೆಗೆ ಮುಂಚೆ ಎರಡು ಭಾನುವಾರ ಪೂರ್ತಿ ಮೇಕಪ್ ಮಾಡಿ ನೋಡು, ಕನ್ನಡಿಯನ್ನ ಕಿಟಕಿ ಹತ್ತಿರ ಇಟ್ಕೋ.