ಪೇಸ್ಲಿಪ್‌ನಲ್ಲಿ ‘ಬಿಆರ್’ ಕೋಡ್: ಹೆಚ್ಚು ಹೋದ ಟ್ಯಾಕ್ಸ್ ವಾಪಸ್ ಹೇಗೆ?

ಪ್ರಶ್ನೆ: ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇನೆ. ನವೆಂಬರ್‌ನಲ್ಲಿ ಕಂಪನಿ ಬದಲಾಯಿಸಿದೆ, ಸಂಬಳ ತಿಂಗಳಿಗೆ 3,500 ಪೌಂಡ್. ಹಳೇ ಕಡೆ ಟ್ಯಾಕ್ಸ್ ಕೋಡ್ 1257ಎಲ್ ಇತ್ತು, ಇಲ್ಲಿ ಬಿಆರ್ ಅಂತಿದೆ. ಮೂರು ಸಂಬಳದಲ್ಲೂ 700 ಪೌಂಡ್ ಟ್ಯಾಕ್ಸ್ ಹಿಡಿದಿದ್ದಾರೆ. ಪೇರೋಲ್‌ನವರು ‘ಎಚ್‌ಎಂಆರ್‌ಸಿಯನ್ನು (ಬ್ರಿಟನ್ ತೆರಿಗೆ ಇಲಾಖೆ) ಕೇಳಿ’ ಅನ್ನುತ್ತಾರೆ. ಏಪ್ರಿಲ್‌ವರೆಗೆ ಕಾಯಬೇಕಾ? ಗೊತ್ತಿದ್ದವರು ದಯವಿಟ್ಟು ತಿಳಿಸಿ.

ಉತ್ತರ 1: ಖಂಡಿತ ಕಾಯಬೇಡಿ. ತೆರಿಗೆ ವರ್ಷದ (ಏಪ್ರಿಲ್ 6ರಿಂದ ಏಪ್ರಿಲ್ 5) ಕೊನೇ ಸಂಬಳದೊಳಗೆ ಕೋಡ್ ಸರಿಯಾದರೆ ದುಡ್ಡು ಸಂಬಳದ ಜೊತೆಗೇ ಬರುತ್ತದೆ. ಏಪ್ರಿಲ್ 5 ದಾಟಿತೋ, ಪಿ800 (ವರ್ಷದ ಟ್ಯಾಕ್ಸ್ ಲೆಕ್ಕ ತಿಳಿಸುವ) ಪತ್ರದ ದಾರಿ ನೋಡಬೇಕು. ಅದು ಜೂನ್‌ಗಿಂತ ಮೊದಲು ಹೊರಡುವುದಿಲ್ಲ.

ಬಿಆರ್ ಅಂದರೆ ಪೂರ್ತಿ ಸಂಬಳದ ಮೇಲೆ ಶೇ 20. ವರ್ಷಕ್ಕೆ ಸಿಗಬೇಕಾದ 12,570 ಪೌಂಡ್ ವಿನಾಯಿತಿ (1257ಎಲ್ ಸೂಚಿಸುವುದು ಅದನ್ನೇ) ಆ ಕೆಲಸಕ್ಕೆ ಇಲ್ಲವೇ ಇಲ್ಲ. ತಿಂಗಳಿಗೆ ಹಂಚಿದರೆ ವಿನಾಯಿತಿ 1,047.50. ಅದನ್ನು ಕಳೆದು ಉಳಿದದ್ದರ ಶೇ 20 ಅಂದರೆ 490.50. ನಿಮ್ಮಿಂದ ಹೆಚ್ಚಿಗೆ ಹೋಗುತ್ತಿರುವುದು ತಿಂಗಳಿಗೆ 210ರ ಹತ್ತಿರ, ಮೂರು ತಿಂಗಳಿಗೆ ಸುಮಾರು 630 ಪೌಂಡ್.

ಪೇರೋಲ್‌ನವರನ್ನು ಇನ್ನೊಂದೇ ಪ್ರಶ್ನೆ ಕೇಳಿ: ಈ ಬಿಆರ್ ಎಲ್ಲಿಂದ ಬಂತು? ಸೇರುವಾಗ ತುಂಬಿದ ಸ್ಟಾರ್ಟರ್ ಚೆಕ್‌ಲಿಸ್ಟ್‌ನಲ್ಲಿ ‘ಸಿ’ಗೆ (ಬೇರೆ ಕೆಲಸ ಅಥವಾ ಪಿಂಚಣಿಯೂ ಇದೆ) ಟಿಕ್ ಹಾಕಿದ್ದರಿಂದಲೋ, ಎಚ್‌ಎಂಆರ್‌ಸಿ ಕಳಿಸಿದ ಪಿ6 ಸೂಚನೆಯಿಂದಲೋ? ಮೊದಲನೆಯದಾದರೆ ಕೆಲಸ ಬಿಡುವಾಗ ಹಳೇ ಕಂಪನಿ ಕೊಡುವ ಪಿ45 ಪತ್ರದ 2 ಮತ್ತು 3ನೇ ಭಾಗ ಈಗ ಕೊಟ್ಟರೂ ಅವರೇ ಕೋಡ್ ಬದಲಿಸಬಹುದು. ಪಿ6 ಬಂದಿದ್ದರೆ ಅವರ ಕೈ ಕಟ್ಟಿಹಾಕಿದ ಹಾಗೆ, ಹೊಸ ಪಿ6 ಬರುವವರೆಗೆ ಮುಟ್ಟುವಂತಿಲ್ಲ.

ಉತ್ತರ 2: ಮೇಲಿನವರು ಹೇಳಿದ ಎರಡನೇ ಪ್ರಕರಣವೇ ಹೆಚ್ಚು. ಹಳೇ ಕಂಪನಿ ನೀವು ಬಿಟ್ಟ ತಾರೀಖನ್ನು ಕಳಿಸಿರುವುದಿಲ್ಲ. ಎಚ್‌ಎಂಆರ್‌ಸಿ ಲೆಕ್ಕದಲ್ಲಿ ಆ ಕೆಲಸ ಇನ್ನೂ ಜೀವಂತ, ಹೊಸದು ಎರಡನೇ ಕೆಲಸ, ಅದಕ್ಕೇ ಬಿಆರ್. ಎಚ್‌ಎಂಆರ್‌ಸಿ ಆ್ಯಪ್‌ನಲ್ಲಿ ಪೇ ಆ್ಯಸ್ ಯು ಅರ್ನ್ (ಪಿಎವೈಇ, ಸಂಬಳದಲ್ಲೇ ಟ್ಯಾಕ್ಸ್ ಹಿಡಿಯುವ ವ್ಯವಸ್ಥೆ) ವಿಭಾಗ ತೆರೆಯಿರಿ. ಅಲ್ಲಿ ಎರಡು ಕೆಲಸ ಕಂಡರೆ ರೋಗ ಸಿಕ್ಕಿತು. ಹಳೇ ಕೆಲಸ ಮುಗಿದ ತಾರೀಖು ಹಾಕಿ. ‘ಅಂದಾಜು ವಾರ್ಷಿಕ ಆದಾಯ’ವನ್ನೂ ನೋಡಿ, ಬೋನಸ್ ತಿಂಗಳನ್ನೇ ಹನ್ನೆರಡರಿಂದ ಗುಣಿಸಿದಂಥ ಮೊತ್ತ ಕೂತಿದ್ದರೆ ತಿದ್ದಿ. ಅಂದಾಜು ಒಂದು ಲಕ್ಷ ಪೌಂಡ್ ದಾಟಿದರೆ ಮೇಲಿನ ಪ್ರತಿ 2 ಪೌಂಡಿಗೆ 1 ಪೌಂಡ್ ವಿನಾಯಿತಿ ಕರಗುತ್ತದೆ.

ಆ್ಯಪ್‌ನಲ್ಲಿ ಆಗದಿದ್ದರೆ 0300 200 3300ಕ್ಕೆ ಫೋನ್ ಮಾಡಿ. ನ್ಯಾಷನಲ್ ಇನ್ಶುರೆನ್ಸ್ ನಂಬರ್, ಎರಡೂ ಕಂಪನಿಗಳ ಪಿಎವೈಇ ರೆಫರೆನ್ಸ್, ಬಿಟ್ಟ ತಾರೀಖು, ಇಲ್ಲಿಯವರೆಗಿನ ಸಂಬಳ ಮತ್ತು ಟ್ಯಾಕ್ಸ್ ಮುಂದಿಟ್ಟುಕೊಂಡಿರಿ. ಪೇರೋಲ್ ಮುಚ್ಚಿದ ಮೇಲೆ ಪಿ6 ತಲುಪಿದರೆ ಮುಂದಿನ ತಿಂಗಳಿಗೆ ಹೋಗುತ್ತದೆ.

ಉತ್ತರ 1 ಕೊಟ್ಟವರು: ಕೋಡ್ ಬದಲಾಯಿತು ಅಂದಾಕ್ಷಣ ನಿರಾಳವಾಗಬೇಡಿ, ಎರಡು ಕಡೆ ಎಡವುತ್ತಾರೆ.

ಒಂದು, 1257ಎಲ್ ಪಕ್ಕ ಎಂ1, ಡಬ್ಲ್ಯೂ1 ಅಥವಾ ಎಕ್ಸ್ ಇದೆಯಾ ನೋಡಿ. ಇದ್ದರೆ ಆ ತಿಂಗಳ ಲೆಕ್ಕ ಆ ತಿಂಗಳಿಗೇ ಮುಗಿಯುತ್ತದೆ. ಮುಂದಿನ ಟ್ಯಾಕ್ಸ್ ಸರಿಯಾಗಿ ಹಿಡಿದರೂ ಹಿಂದಿನ 630 ಬರುವುದಿಲ್ಲ. ಬಾಲ ಇಲ್ಲದ ಬರೀ 1257ಎಲ್ ಬೇಕು.

ಎರಡು, ಹಳೇ ಕಂಪನಿಯ ಸಂಬಳ, ಟ್ಯಾಕ್ಸ್ ಎರಡೂ ಹೊಸ ಪೇರೋಲ್‌ಗೆ ಹತ್ತಿರಬೇಕು. ಎಲ್ಲ ಸರಿಯಾಗಿದ್ದರೆ ಫೆಬ್ರವರಿ ಪೇಸ್ಲಿಪ್‌ನಲ್ಲಿ ‘630 ವಾಪಸ್’ ಎಂದು ಬರೆದಿರುವುದಿಲ್ಲ. ಆ ತಿಂಗಳ 490 ಕಳೆದು ಟ್ಯಾಕ್ಸ್ ಜಾಗದಲ್ಲಿ ಮೈನಸ್ 138ರಷ್ಟು ಕಾಣುತ್ತದೆ. ಅದೇ ಮೈನಸ್ 1,600 ಕಂಡರೆ ಹಿಗ್ಗಬೇಡಿ! ಹಳೇ ಸಂಬಳ ಸೇರಿಸದೆ, ಏಪ್ರಿಲ್‌ನಿಂದ ಕೂಡಿದ ವಿನಾಯಿತಿಯನ್ನೆಲ್ಲ ನಾಲ್ಕೇ ತಿಂಗಳ ಸಂಬಳಕ್ಕೆ ಕೊಟ್ಟಿದ್ದಾರೆ. ಆ ದುಡ್ಡು ಮುಂದೆ ಬಾಕಿಯಾಗಿ ತಿರುಗಿ ಬರುತ್ತದೆ. ಆಗಲೇ ಪೇರೋಲ್‌ಗೆ ತಿಳಿಸಿ.

ಉತ್ತರ 3: ಊರಿಂದ ಹೊಸದಾಗಿ ಬಂದು ಇದನ್ನು ಓದುತ್ತಿರುವವರಿಗೆ. ಭಾರತದಲ್ಲಿ ಕೆಲಸ ಮಾಡುತ್ತಿದ್ದೆವಲ್ಲ ಎಂದು ಚೆಕ್‌ಲಿಸ್ಟ್‌ನಲ್ಲಿ ‘ಬಿ’ (ಏಪ್ರಿಲ್ 6ರಿಂದೀಚೆಗೆ ಬೇರೆ ಕೆಲಸವಿತ್ತು) ಹಾಕಿಬಿಡುತ್ತಾರೆ. ಏಪ್ರಿಲ್ 6ರಿಂದೀಚೆಗೆ ಬ್ರಿಟನ್ನಿನಲ್ಲಿ ಇದೇ ಮೊದಲ ಕೆಲಸ, ಪಿಂಚಣಿ ಭತ್ಯೆ ಏನೂ ಬಂದಿಲ್ಲ ಅನ್ನುವವರಿಗೆ ಸಾಮಾನ್ಯವಾಗಿ ‘ಎ’. ಅಕ್ಟೋಬರ್ ಕೊನೆಗೆ ಮೊದಲ ಸಂಬಳ, ತಿಂಗಳಿಗೆ 3,000 ಅಂದುಕೊಳ್ಳಿ. ‘ಎ’ ಆದರೆ ಮಾರ್ಚ್‌ವರೆಗೆ ಟ್ಯಾಕ್ಸ್ ಒಟ್ಟು 1,086 ಪೌಂಡ್. ‘ಬಿ’ ಆದರೆ ಎಂ1 ಲೆಕ್ಕದಲ್ಲಿ ಸುಮಾರು 2,343. ಒಂದು ಟಿಕ್‌ಗೆ 1,257 ಪೌಂಡ್ ವ್ಯತ್ಯಾಸ.

ಉತ್ತರ 4: ಆಸ್ಪತ್ರೆ ಕೆಲಸದವರು ಒಂದು ಗಮನಿಸಿ: ಬಿಆರ್ ಕಂಡಿದ್ದೆಲ್ಲ ತಪ್ಪಲ್ಲ. ಮುಖ್ಯ ಕೆಲಸ ವಿನಾಯಿತಿಯನ್ನು ಪೂರ್ತಿ ಬಳಸುತ್ತಿದ್ದರೆ ಲೋಕಮ್ (ಬೇರೆಯವರ ಬದಲಿಗೆ ತಾತ್ಕಾಲಿಕವಾಗಿ ಮಾಡುವ) ಕೆಲಸಕ್ಕೆ ಬಿಆರ್ ಸರಿಯೇ. ಶೇ 40ರ ಪಟ್ಟಿಯಲ್ಲಿರುವವರಿಗೆ ಅಲ್ಲಿ ಡಿ0 (ಪೂರ್ತಿ ಸಂಬಳಕ್ಕೆ ಶೇ 40 ಹಿಡಿಯುವ ಕೋಡ್) ಇರಬೇಕು. ತಪ್ಪಾಗಿ ಬಿಆರ್ ಇದ್ದರೆ ವರ್ಷದ ಕೊನೆಗೆ ನೀವೇ ಬಾಕಿದಾರರು.

ಉತ್ತರ 5: ಹಿಂದಿನ ವರ್ಷಗಳದ್ದೂ ಇದ್ದರೆ, ಆ ತೆರಿಗೆ ವರ್ಷ ಮುಗಿದು ನಾಲ್ಕು ವರ್ಷದೊಳಗೆ ಕೇಳಬೇಕು. 2022–23ರದ್ದಕ್ಕೆ 2027ರ ಏಪ್ರಿಲ್ 5 ಕೊನೆ. ಪಿ60 ಹುಡುಕಿಡಿ, ನಮ್ಮ ಫಾರ್ಮ್ 16 ಇದ್ದ ಹಾಗೆ ಅದು. ಪಿ800ರಲ್ಲಿ ಕ್ಲೇಮ್ ಮಾಡಿ ಎಂದಿದ್ದರೆ ಆನ್‌ಲೈನ್‌ನಲ್ಲಿ ನೀವೇ ಮಾಡಿ, ಚೆಕ್ ತಾನಾಗಿ ಬರುತ್ತದೆ ಎಂದು ಕೂರಬೇಡಿ. ಸೆಲ್ಫ್ ಅಸೆಸ್‌ಮೆಂಟ್ ಸಲ್ಲಿಸುವವರಿಗೆ ಪಿ800 ಬರುವುದಿಲ್ಲ, ರಿಟರ್ನ್‌ನಲ್ಲೇ ಲೆಕ್ಕ. ವರ್ಷದ ನಡುವೆ ಭಾರತಕ್ಕೆ ವಾಪಸಾಗುವವರು ಪಿ85 ತುಂಬಿ ಪಿ45 ಜೊತೆ ಕಳಿಸಿ. ದುಡ್ಡು ಬರುವವರೆಗೆ ಬ್ರಿಟನ್ನಿನ ಬ್ಯಾಂಕ್ ಖಾತೆ ಮುಚ್ಚಬೇಡಿ.

ರೀಫಂಡ್ ಏಜೆಂಟರ ಜಾಹೀರಾತಿಗೆ ಬೀಳಬೇಡಿ, ಬಂದದ್ದರಲ್ಲಿ ದೊಡ್ಡ ಪಾಲು ಅವರದೇ. ‘ನಿಮಗೆ ರೀಫಂಡ್ ಇದೆ, ಲಿಂಕ್ ಒತ್ತಿ’ ಅನ್ನುವ ಮೆಸೇಜ್ ಬಂದರೆ ಅಳಿಸಿಬಿಡಿ.

ಪ್ರಶ್ನೆ ಕೇಳಿದವರು: ಆ್ಯಪ್‌ನಲ್ಲಿ ಹಳೇ ಕೆಲಸ ಇನ್ನೂ ಇದೆ, ಈಗಲೇ ತಾರೀಖು ಹಾಕಿದೆ. ಸಂಬಳದಲ್ಲಿ ಹಿಡಿಯುವ ನ್ಯಾಷನಲ್ ಇನ್ಶುರೆನ್ಸೂ ಹೆಚ್ಚು ಹೋಗಿರುತ್ತಾ?

ಉತ್ತರ 1 ಕೊಟ್ಟವರು: ಇಲ್ಲ, ಅದಕ್ಕೂ ಟ್ಯಾಕ್ಸ್ ಕೋಡ್‌ಗೂ ಸಂಬಂಧವಿಲ್ಲ. ಪಿ45 ಪ್ರತಿಯನ್ನು ಪೇರೋಲ್‌ಗೆ ಇವತ್ತೇ ಕಳಿಸಿ.